ಹೊಸ ಪಾಸ್ಟರರಿಗೆ ಮಾರ್ಗದರ್ಶನ: ಕಲಬುರಗಿ, ಬೀದರ, ಯಾದಗಿರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೆಮಿನರಿ ಮುಗಿಸಿ ಅಥವಾ ಕೈಯಲ್ಲಿದ್ದ ನೌಕರಿ ಬಿಟ್ಟು ಪೂರ್ಣಾವಧಿ ಸೇವೆಗೆ ಇಳಿದವರು, ಅವರನ್ನು ಬರಮಾಡಿಕೊಂಡ ಸಭೆಯ ಹಿರಿಯರು, ಅವರ ಬೆನ್ನಿಗೆ ನಿಲ್ಲಲು ಒಪ್ಪಿದ ಅನುಭವಿ ಸೇವಕರು ಕೇಳುವ ಪ್ರಶ್ನೆಗಳು ಇಲ್ಲಿವೆ. ಔರಾದದ ಸಭೆ ಇದ್ದ ಹಾಗೆ ಸುರಪುರದ ಸಭೆ ಇರುವುದಿಲ್ಲ. ಮೆಥೊಡಿಸ್ಟ್ ಸಭೆಯ ಪದ್ಧತಿ ಬೇರೆ, ತಾನೇ ಬಾಡಿಗೆ ಹಾಲ್ ಹಿಡಿದು ಸಭೆ ಕಟ್ಟುತ್ತಿರುವ ಪೆಂತೆಕೊಸ್ತ್ ಪಾಸ್ಟರರ ಪರಿಸ್ಥಿತಿ ಬೇರೆ. ಆದರೂ ಮೊದಲ ಎರಡು ಮೂರು ವರ್ಷಗಳ ಕಷ್ಟಗಳು ಬಹುಮಟ್ಟಿಗೆ ಒಂದೇ.

ನಾಲ್ಕು ವರ್ಷ ದೈವಶಾಸ್ತ್ರ ಓದಿದವರಿಗೆ ಮತ್ತೆ ಮಾರ್ಗದರ್ಶಕರು ಯಾಕೆ ಬೇಕು?

ನಮ್ಮ ಕಡೆಯ ಹುಡುಗರು, ಹುಡುಗಿಯರು ಓದಲು ದೂರ ಹೋಗುತ್ತಾರೆ. ಮಂಗಳೂರಿನಲ್ಲಿ 1965ರಲ್ಲಿ ಶುರುವಾದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬೆಂಗಳೂರಿನಲ್ಲಿ 1910ರಿಂದ ಇರುವ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಬಂಗಾರಪೇಟೆಯ ಸೆಮಿನರಿ, ಇಲ್ಲವೇ ಹೈದರಾಬಾದ್. ಅಲ್ಲಿ ಗ್ರೀಕ್ ಕಲಿಯುತ್ತಾರೆ, ಸಭಾ ಇತಿಹಾಸ ಓದುತ್ತಾರೆ, ಪ್ರಸಂಗ ಕಟ್ಟುವುದನ್ನು ಕಲಿಯುತ್ತಾರೆ. ಈ ಓದು ಬೇಕೇ ಬೇಕು, ಅದನ್ನು ಹಗುರವಾಗಿ ಮಾತಾಡುವ ಹಿರಿಯರನ್ನು ಕಂಡರೆ ನಮಗೆ ಬೇಸರವಾಗುತ್ತದೆ.

ಆದರೆ ಶಹಾಪುರ ತಾಲ್ಲೂಕಿನ ಹಳ್ಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದು, ಕುಡಿದ ಗಂಡ ಹೊಡೆದನೆಂದು ಮಗುವನ್ನು ಎತ್ತಿಕೊಂಡು ನಿಂತ ಹೆಣ್ಣುಮಗಳಿಗೆ ಏನು ಹೇಳಬೇಕು, ಅವಳನ್ನು ಎಲ್ಲಿ ಮಲಗಿಸಬೇಕು, ಬೆಳಿಗ್ಗೆ ಯಾರಿಗೆ ಫೋನ್ ಮಾಡಬೇಕು ಎನ್ನುವುದು ತರಗತಿಯಲ್ಲಿ ಸಿಗುವುದಿಲ್ಲ. ಅದನ್ನು ಮಾಡಿದವರ ಜೊತೆ ಇದ್ದೇ ಕಲಿಯಬೇಕು. ಅಪೊಸ್ತಲರ ಕೃತ್ಯಗಳು 18ರಲ್ಲಿ ಅಪೊಲ್ಲೋಸನು ಒಳ್ಳೆಯ ಮಾತುಗಾರ, ಶಾಸ್ತ್ರದಲ್ಲಿ ಪ್ರವೀಣ. ಆದರೂ ಪ್ರಿಸ್ಕಿಲ್ಲ ಮತ್ತು ಅಕ್ವಿಲ ಅವನನ್ನು ತಮ್ಮ ಬಳಿಗೆ ಕರೆದುಕೊಂಡು ಇನ್ನೂ ಸರಿಯಾಗಿ ತಿಳಿಸಿಕೊಟ್ಟರು. ಸಭಾಮಂದಿರದಲ್ಲಿ ಎಲ್ಲರ ಎದುರಿಗೆ ಎದ್ದು ನಿಂತು ತಿದ್ದಲಿಲ್ಲ ಎನ್ನುವುದನ್ನು ಮಾರ್ಗದರ್ಶಕರು ಗಮನಿಸಬೇಕು.

ಡಿ.ಎಸ್. (ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್) ಸಾಹೇಬರು ಇದ್ದಾರಲ್ಲ, ಅವರೇ ಮಾರ್ಗದರ್ಶಕರಲ್ಲವೇ?

ಅಲ್ಲ. ನಮ್ಮನ್ನು ಕೇಳಿದರೆ, ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಡಿ.ಎಸ್. ಅವರು ಮೇಲ್ವಿಚಾರಕರು. ನಿಮ್ಮ ಕೆಲಸದ ವರದಿ ಅವರ ಕೈಯಲ್ಲಿ, ನಿಮ್ಮ ವರ್ಗಾವಣೆಯ ಮಾತು ಅವರ ಬಾಯಲ್ಲಿ. ಅವರು ಎಷ್ಟೇ ಒಳ್ಳೆಯವರಾಗಿರಲಿ, "ಮೂರು ವಾರದಿಂದ ನನಗೆ ಪ್ರಾರ್ಥನೆ ಮಾಡಲಿಕ್ಕೇ ಆಗ್ತಿಲ್ಲ ಸರ್" ಎಂದು ಹೊಸ ಪಾಸ್ಟರರು ಅವರ ಮುಂದೆ ಹೇಳುವುದಿಲ್ಲ. ಹೇಳಬೇಕೆಂದು ನಿರೀಕ್ಷಿಸುವುದೂ ತಪ್ಪು.

ಆದ್ದರಿಂದ ನಾವು ಒತ್ತಿ ಹೇಳುವುದು ಇಷ್ಟೇ: ಮಾರ್ಗದರ್ಶಕರಿಗೆ ಹೊಸಬರ ಸಂಬಳ, ನೇಮಕ, ದೀಕ್ಷೆ (ಪಾಸ್ಟರರಾಗಿ ಅಭಿಷೇಕ) ಇವುಗಳಲ್ಲಿ ಯಾವ ಅಧಿಕಾರವೂ ಇರಬಾರದು. ಅವರ ಬಗ್ಗೆ ವರದಿ ಬರೆಯುವ ಹೊಣೆಯೂ ಇರಬಾರದು. ಮೇಲ್ವಿಚಾರಣೆ ಬೇಕು, ಲೆಕ್ಕ ಕೇಳುವವರು ಬೇಕು. ಆದರೆ ಲೆಕ್ಕ ಕೇಳುವವರ ಹತ್ತಿರವೇ ಮನಸ್ಸು ಬಿಚ್ಚು ಎಂದರೆ ಯಾರೂ ಬಿಚ್ಚುವುದಿಲ್ಲ. ಎರಡನ್ನೂ ಒಬ್ಬರಿಗೇ ವಹಿಸಿದ ಕಡೆಗಳಲ್ಲಿ ಭೇಟಿಗಳು ತಪ್ಪದೆ ನಡೆಯುತ್ತವೆ, ಚಹಾ ಆಗುತ್ತದೆ, "ಎಲ್ಲಾ ದೇವರ ಕೃಪೆ ರಿ" ಎಂಬ ಮಾತಾಗುತ್ತದೆ, ಒಂದು ದಿನ ಇದ್ದಕ್ಕಿದ್ದಂತೆ ರಾಜೀನಾಮೆ ಪತ್ರ ಬರುತ್ತದೆ.

ಸ್ವತಂತ್ರ ಸಭೆಗಳವರಿಗೆ ತೊಂದರೆ ತಿರುವುಮುರುವು. ಅವರಿಗೆ ಮೇಲೆ ಯಾರೂ ಇರುವುದಿಲ್ಲ, ಹೀಗಾಗಿ ತಿದ್ದುವವರೂ ಇರುವುದಿಲ್ಲ. ಅಂಥವರು ಸಭೆ ಶುರು ಮಾಡುವ ಮೊದಲೇ ಒಬ್ಬ ಹಿರಿಯ ಸೇವಕರನ್ನು ಹುಡುಕಿ, "ನನ್ನ ತಪ್ಪು ಕಂಡರೆ ಮುಖಕ್ಕೆ ಹೇಳ್ರಿ" ಎಂದು ಕೇಳಿಕೊಳ್ಳಲಿ.

ಮಾರ್ಗದರ್ಶಕರಾಗಿ ಎಂಥವರನ್ನು ಹುಡುಕಬೇಕು?

ಹೆಸರು ಮಾಡಿದವರನ್ನೇ ಹುಡುಕಬೇಡಿ. ಕನ್ವೆನ್ಷನ್ ಪೋಸ್ಟರಿನಲ್ಲಿ ಫೋಟೊ ಇರುವವರಿಗೆ ಸಮಯ ಇರುವುದಿಲ್ಲ. ನೀವಿರುವ ಊರಿನಿಂದ ಬಸ್ಸಿನಲ್ಲಿ ಎರಡು ತಾಸಿನೊಳಗೆ ಸಿಗುವವರಾಗಿರಲಿ. ಹುಮನಾಬಾದದವರಿಗೆ ಬೀದರ ಅಥವಾ ಕಲಬುರಗಿ, ಗುರುಮಠಕಲ್‌ನವರಿಗೆ ಯಾದಗಿರಿ. ಬೇರೆ ಪಂಗಡದವರಾದರೂ ಪರವಾಗಿಲ್ಲ, ಕೆಲವೊಮ್ಮೆ ಅದೇ ಒಳ್ಳೆಯದು, ಯಾಕೆಂದರೆ ನಿಮ್ಮ ಸಭೆಯ ಒಳರಾಜಕೀಯದಲ್ಲಿ ಅವರಿಗೆ ಪಾಲಿರುವುದಿಲ್ಲ. ನಿಮ್ಮ ಸಭೆಯ ದೊಡ್ಡ ಮನೆತನದ ಬೀಗರಾಗಿರಬಾರದು. ನಮ್ಮ ಭಾಗದಲ್ಲಿ ಕ್ರೈಸ್ತ ಕುಟುಂಬಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ಬಲ್ಲವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಗುರುತು: ಅವರ ಮನೆಯಲ್ಲಿ ಅವರ ಹೆಂಡತಿ ಮಕ್ಕಳು ಅವರೆದುರು ಸಲೀಸಾಗಿ ಮಾತಾಡುತ್ತಾರೆಯೇ ನೋಡಿ.

ಹಿರಿಯರ ಸೇವೆ ಮಾಡಿಯೇ ಕಲಿಯಬೇಕು ಅನ್ನುತ್ತಾರೆ. ಎಲೀಷನೂ ಹಾಗೇ ಮಾಡಿದನಲ್ಲವೇ?

ಎಲೀಷನು ಎಲೀಯನ ಕೈಗೆ ನೀರು ಹಾಕುತ್ತಿದ್ದವನು ಎಂದು 2 ಅರಸುಗಳು 3ರಲ್ಲಿದೆ, ನಿಜ. ಆದರೆ ಆ ವಾಕ್ಯ ಹಿಡಿದುಕೊಂಡು ಹೊಸ ಪಾಸ್ಟರರನ್ನು ಕಾರು ಓಡಿಸಲಿಕ್ಕೆ, ತರಕಾರಿ ತರಲಿಕ್ಕೆ, ಬ್ಯಾಗು ಹಿಡಿಯಲಿಕ್ಕೆ ಇಟ್ಟುಕೊಳ್ಳುವುದು ನಡೆದಿದೆ. ಅದು ಮಾರ್ಗದರ್ಶನವಲ್ಲ. ಒಟ್ಟಿಗೆ ಪ್ರಯಾಣ ಮಾಡುವುದು ಒಳ್ಳೆಯದು, ದಾರಿಯಲ್ಲಿ ನಡೆಯುವ ಮಾತು ಕೊಠಡಿಯಲ್ಲಿ ನಡೆಯುವುದಿಲ್ಲ. ಆದರೆ ವರ್ಷ ಕಳೆದರೂ ಹೊಸಬರು ಹಿರಿಯರ ಕೆಲಸವನ್ನಷ್ಟೇ ಮಾಡುತ್ತಿದ್ದರೆ, ಹಿರಿಯರು ಒಮ್ಮೆಯೂ ಹೊಸಬರ ಊರಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಅವರ ಪ್ರಸಂಗ ಕೇಳದಿದ್ದರೆ, ಆ ಸಂಬಂಧವನ್ನು ಮತ್ತೊಮ್ಮೆ ಯೋಚಿಸಬೇಕು.

ಎಷ್ಟು ಸಲ ಭೇಟಿಯಾಗಬೇಕು? ಫೋನಿನಲ್ಲಿ ಮಾತಾಡಿದರೆ ಸಾಲದೇ?

ಮೊದಲ ವರ್ಷ ತಿಂಗಳಿಗೆ ಒಮ್ಮೆಯಾದರೂ ಎದುರುಬದುರು ಕೂತು ಮಾತಾಡಿ. ನಡುವೆ ವಾರಕ್ಕೊಂದು ಫೋನ್. ಸೋಮವಾರ ಅನುಕೂಲ, ಭಾನುವಾರದ ದಣಿವು, ಬೇಸರ, ಸಂತೋಷ ಎಲ್ಲ ಇನ್ನೂ ಬಿಸಿಯಾಗಿರುತ್ತವೆ. ಒಮ್ಮೆ ಅವರ ಊರು, ಒಮ್ಮೆ ನಿಮ್ಮ ಊರು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಮಧ್ಯಾಹ್ನದ ಬಸ್ಸು ಹತ್ತಿಸಬೇಡಿ, ಬೆಳಗಿನ ಮೊದಲ ಬಸ್ಸಿಗೆ ಬಂದು ರೊಟ್ಟಿ ಊಟ ಮುಗಿಸಿ ಬಿಸಿಲು ಇಳಿದ ಮೇಲೆ ಹೊರಡುವ ಹಾಗೆ ಇಟ್ಟುಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಬೆಳಿಗ್ಗೆ ಒಂದು ವಚನ ಕಳಿಸಿ "ನಾನು ಅವರಿಗೆ ಮಾರ್ಗದರ್ಶನ ಮಾಡ್ತಿದ್ದೇನೆ" ಅಂದುಕೊಳ್ಳುವುದು ಬೇಡ.

ಮೊದಲ ಕೆಲವು ತಿಂಗಳು ಹೊಸ ಪಾಸ್ಟರರು ಏನು ಮಾಡಬೇಕು?

ಏನನ್ನೂ ಬದಲಾಯಿಸಬಾರದು. ಆರಾಧನೆಯ ಸಮಯ, ಬೆಂಚುಗಳ ಸಾಲು, ಹಾಡಿನ ಪುಸ್ತಕ, ಯುವಜನರ ಕೀಬೋರ್ಡು, ಏನೂ ಬೇಡ. ಒಂದು ನೋಟ್‌ಬುಕ್ ಇಟ್ಟುಕೊಂಡು ಸಭೆಯ ಪ್ರತಿಯೊಂದು ಮನೆಗೆ ಹೋಗಿ ಬನ್ನಿ. ಯಾರ ಮಗ ಪುಣೆಗೆ ದುಡಿಯಲು ಹೋಗಿದ್ದಾನೆ, ಯಾರ ಸೊಸೆ ತವರಿಗೆ ಹೋಗಿ ಕೂತಿದ್ದಾಳೆ, ಯಾವ ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಯಾವ ಎರಡು ಮನೆಗಳು ಒಂದೇ ಸಭೆಯಲ್ಲಿದ್ದು ಮಾತು ಬಿಟ್ಟಿವೆ, ಇದೆಲ್ಲ ಮನೆಗೆ ಬಂದು ಬರೆದುಕೊಳ್ಳಿ. ಅವರೆದುರು ಬರೆಯಬೇಡಿ. ಗುಳೆ ಹೋದವರ ಹೆಸರು, ಅವರಿರುವ ಊರು, ಫೋನ್ ನಂಬರ್ ಬೇರೆ ಪುಟದಲ್ಲಿರಲಿ. ಮುಂಬೈಯ ಕಟ್ಟಡದ ಕೆಲಸದ ಜಾಗದಲ್ಲಿದ್ದವನಿಗೆ ಊರಿನ ಪಾಸ್ಟರರಿಂದ ಬರುವ ಒಂದು ಫೋನಿನ ಬೆಲೆ ದೊಡ್ಡದು.

ಮನೆ ಭೇಟಿಯನ್ನು ಹೇಗೆ ಕಲಿಸುವುದು?

ಕರೆದುಕೊಂಡು ಹೋಗಿಯೇ ಕಲಿಸಬೇಕು. ಹೊಲದ ಕೆಲಸ ಇರುವ ಕಾಲದಲ್ಲಿ ಸಂಜೆ ಆರೂವರೆ ಆಗುವವರೆಗೆ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಸಿಕ್ಕಾಗ ಹೆಂಗಸರು ಒಲೆ ಮುಂದೆ ರೊಟ್ಟಿ ಬಡಿಯುತ್ತಿರುತ್ತಾರೆ. ಹೊಸಬರು ಒಳಗೆ ಹೋದ ಕೂಡಲೇ ಬೈಬಲ್ ತೆರೆಯುತ್ತಾರೆ, ಆಕೆ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಸೆರಗು ಹೊದ್ದು ನಿಲ್ಲಬೇಕಾಗುತ್ತದೆ, ಹಂಚಿನ ಮೇಲಿನ ರೊಟ್ಟಿ ಸೀಯುತ್ತದೆ. ಅನುಭವ ಇದ್ದವರು ಹಾಗೆ ಮಾಡುವುದಿಲ್ಲ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂಡುತ್ತಾರೆ, "ಆಗ್ಲಿ ಯವ್ವಾ, ನಿನ್ ಕೆಲ್ಸ ಮುಗಿಸ್ಕೋ, ನಾವ್ ಕುಂತಿರ್ತೀವಿ" ಅನ್ನುತ್ತಾರೆ, ಅಜ್ಜನ ಮೊಣಕಾಲು ನೋವು ವಿಚಾರಿಸುತ್ತಾರೆ, ತೊಗರಿಗೆ ಹುಳ ಬಿದ್ದಿದೆಯೇ ಕೇಳುತ್ತಾರೆ, ಮಗುವಿನ ಶಾಲೆ ಕೇಳುತ್ತಾರೆ. ಆಕೆ ಕೈ ತೊಳೆದುಕೊಂಡು ಬಂದು ಕೂತ ಮೇಲೆ ಒಂದು ಕೀರ್ತನೆ, ಚಿಕ್ಕ ಪ್ರಾರ್ಥನೆ. ಪ್ರಾರ್ಥನೆಯಲ್ಲಿ ಮನೆಯವರ ಹೆಸರು ಒಂದೊಂದೂ ಬರಬೇಕು, ಪುಣೆಯಲ್ಲಿರುವ ಮಗನ ಹೆಸರು ಕೂಡ.

ದಾರಿಯಲ್ಲಿ ವಾಪಸು ಬರುವಾಗ ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಲಿ: "ಆ ಮನ್ಯಾಗ ಯಾರು ಮಾತಾಡ್ಲಿಲ್ಲ?" ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ಸಲ ನೋಡಿಕೊಂಡು ಬರುತ್ತಾರೆ.

ಹೆಣ್ಣುಮಕ್ಕಳು ಒಬ್ಬರೇ ಇರುವ ಮನೆಯಲ್ಲಿ ಒಳಗೆ ಕೂಡಬೇಡಿ. ಅಂಗಳದಲ್ಲಿ ನಿಂತು ಮಾತಾಡಿ, ಇಲ್ಲವೇ ಪಕ್ಕದ ಮನೆಯವರನ್ನೂ ಕರೆಯಿರಿ. ಇದರಲ್ಲಿ ಸಡಿಲಿಕೆ ಇಲ್ಲ.

ಪ್ರಸಂಗವನ್ನು ಯಾವ ಭಾಷೆಯಲ್ಲಿ ಮಾಡಬೇಕು? ನಮ್ಮ ಜನಕ್ಕೆ ಗ್ರಂಥದ ಕನ್ನಡ ಅರ್ಥವಾಗುವುದಿಲ್ಲ.

ಕನ್ನಡದಲ್ಲಿ ಪೂರ್ತಿ ಬೈಬಲ್ 1831ರಲ್ಲಿ ಬಳ್ಳಾರಿಯಲ್ಲಿ ಅಚ್ಚಾಯಿತು. ಅಂದಿನಿಂದ ಬೆಳೆದುಬಂದ ಸತ್ಯವೇದದ ಕನ್ನಡಕ್ಕೆ ಒಂದು ಗಾಂಭೀರ್ಯ ಇದೆ, ನಮ್ಮ ಅಜ್ಜಿಯರು ಓದು ಬಾರದಿದ್ದರೂ ಅದನ್ನು ಬಾಯಿಪಾಠ ಮಾಡಿದ್ದಾರೆ. ಅದನ್ನು ಹಾಗೆಯೇ ಓದಿ. ವಿವರಿಸುವಾಗ ಊರಿನ ಮಾತಿಗೆ ಇಳಿಯಿರಿ. ಮಂಗಳೂರಿನಲ್ಲಿ ಓದಿ ಬಂದವರು ಕರಾವಳಿಯ ಪುಸ್ತಕದ ಕನ್ನಡ ಮಾತಾಡುತ್ತಾ ಭಾಲ್ಕಿಯಲ್ಲಿ ನಿಂತರೆ ಜನ ಗೌರವದಿಂದ ತಲೆದೂಗುತ್ತಾರೆ, ಮನಸ್ಸಿಗೆ ಹತ್ತುವುದಿಲ್ಲ.

ಬೀದರ ಜಿಲ್ಲೆಯಲ್ಲಿ ಮರಾಠಿ, ತೆಲುಗು, ದಖನಿ ಉರ್ದು ಎಲ್ಲ ಬೆರೆತಿವೆ. ಯಾದಗಿರಿಯ ಪೂರ್ವದ ಹಳ್ಳಿಗಳಲ್ಲಿ ತೆಲುಗು ಹಾಡು ಸಹಜ. ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಹೊಸಬರು ಎಲ್ಲ ಭಾಷೆ ಕಲಿಯಬೇಕಿಲ್ಲ. ಆದರೆ ಆ ಮನೆಯ ಭಾಷೆಯಲ್ಲಿ ಕ್ಷೇಮ ಕೇಳುವಷ್ಟು, ಒಂದು ಹಾಡು ಹಾಡುವಷ್ಟು ಕಲಿತರೆ ಸಾಕಷ್ಟು ಬಾಗಿಲು ತೆರೆಯುತ್ತವೆ. ಪ್ರಸಂಗದ ಉದ್ದದ ಬಗ್ಗೆ ಕೇಳುವವರಿಗೆ: ಅರ್ಧ ತಾಸು ಸಾಕು.

ಮೊದಲ ಮಣ್ಣಿನ ಕಾರ್ಯಕ್ಕೆ ಹೆದರಿಕೆಯಾಗುತ್ತದೆ. ಹೇಗೆ ಸಿದ್ಧವಾಗಬೇಕು?

ಮೊದಲನೆಯದಕ್ಕೆ ಒಬ್ಬರೇ ಹೋಗಬೇಡಿ, ಮಾರ್ಗದರ್ಶಕರು ಬರುವಷ್ಟು ಹೊತ್ತಾದರೂ ತಡೆಯಲು ಮನೆಯವರನ್ನು ಕೇಳಿಕೊಳ್ಳಿ. ಸಾಧ್ಯವಾಗದಿದ್ದರೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿಕೊಂಡು ಹೋಗಿ.

ಸುದ್ದಿ ಬಂದ ತಕ್ಷಣ ಮನೆಗೆ ಹೋಗಿ, ಬೈಬಲ್ಲು ಬಗಲಲ್ಲಿರಲಿ, ಬಾಯಿ ಮುಚ್ಚಿರಲಿ. ಅಳುವವರು ಅಳಲಿ. ನಮ್ಮ ಕಡೆ ಹಾಡಿಕೊಂಡು ಅಳುವ ಹೆಂಗಸರು ಇನ್ನೂ ಇದ್ದಾರೆ, "ಅಳಬ್ಯಾಡ್ರಿ, ವಿಶ್ವಾಸಿಗಳು ಅಳಬಾರದು" ಎಂದು ಅವರನ್ನು ಸುಮ್ಮನಿರಿಸುವ ಹೊಸ ಪಾಸ್ಟರರು ತುಂಬಾ ನೋವು ಕೊಡುತ್ತಾರೆ. ಲಾಜರನ ಗೋರಿಯ ಹತ್ತಿರ ಯೇಸು ಸ್ವಾಮಿಯೇ ಕಣ್ಣೀರು ಬಿಟ್ಟರು.

ಆಮೇಲೆ ಕೆಲಸದ ಮಾತು. ಸತ್ತವರ ಪೂರ್ತಿ ಹೆಸರು, ವಯಸ್ಸು, ಮಕ್ಕಳ ಹೆಸರು ಚೀಟಿಯಲ್ಲಿ ಬರೆದುಕೊಳ್ಳಿ, ದುಃಖದ ಹೊತ್ತಿನಲ್ಲಿ ಹೆಸರು ತಪ್ಪಿದರೆ ಆ ಮನೆಯವರು ವರ್ಷಗಟ್ಟಲೆ ಮರೆಯುವುದಿಲ್ಲ. ಕುಣಿ ತೋಡಲು ಯಾರು ಹೋಗಿದ್ದಾರೆ, ಪೆಟ್ಟಿಗೆ ಎಲ್ಲಿಂದ ಬರುತ್ತದೆ, ದೂರದಿಂದ ಬರುವ ಮಗ ಎಲ್ಲಿಯವರೆಗೆ ಬಂದಿದ್ದಾನೆ ಕೇಳಿ. ಮನೆಯಲ್ಲಿ ಕೀರ್ತನೆ 90 ಅಥವಾ 23, ಸಮಾಧಿಯ ಹತ್ತಿರ ಯೋಹಾನ 14, ನಿಮ್ಮ ಸಭೆಯ ಆರಾಧನಾ ಪುಸ್ತಕದಲ್ಲಿರುವ ಕ್ರಮ. ಪ್ರಸಂಗ ಐದಾರು ನಿಮಿಷ. ಅಲ್ಲಿ ಹಿಂದೂ, ಮುಸ್ಲಿಂ ನೆರೆಹೊರೆಯವರೂ ನಿಂತಿರುತ್ತಾರೆ, ಅವರನ್ನು ಚುಚ್ಚುವ ಒಂದು ಮಾತೂ ಬರಬಾರದು. ಮೂರನೆಯ ದಿನ, ಹತ್ತನೆಯ ದಿನ, ನೆಂಟರೆಲ್ಲ ಹೋದ ಮೇಲೆ ಮತ್ತೆ ಹೋಗಿ.

ಸಮಾಧಿಗೆ ಜಾಗವೇ ಇಲ್ಲದ ಹಳ್ಳಿಗಳಿವೆ. ಸಾವು ಸಂಭವಿಸಿದ ದಿನ ಜಾಗಕ್ಕಾಗಿ ಜಗಳ ಶುರುವಾಗುವ ಮೊದಲೇ, ಸಮಾಧಾನದ ದಿನಗಳಲ್ಲಿ ಸಭೆಯ ಹಿರಿಯರ ಜೊತೆ ತಹಶೀಲ್ದಾರ ಕಚೇರಿಗೆ ಅರ್ಜಿ ಕೊಟ್ಟು, ಅದರ ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ.

ಕಾಣಿಕೆ, ದಶಮಾಂಶದ ಹಣವನ್ನು ಪಾಸ್ಟರೇ ನೋಡಿಕೊಳ್ಳಬಹುದೇ?

ಬೇಡವೇ ಬೇಡ. ಆರಾಧನೆ ಮುಗಿದ ಕೂಡಲೇ ಇಬ್ಬರು ಎಣಿಸಲಿ, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಮಾಡಲಿ, ಸೋಮವಾರ ಬ್ಯಾಂಕಿಗೆ ಹೋಗಲಿ. ಪಾಸ್ಟರು ಎಣಿಸುವುದೂ ಬೇಡ, ಚೀಲ ಮನೆಗೆ ಒಯ್ಯುವುದೂ ಬೇಡ. ಪ್ರಾಮಾಣಿಕರಾದ ಹೊಸಬರಿಗೇ ಈ ನಿಯಮ ಹೆಚ್ಚು ಬೇಕು, ಸಂಶಯ ಅವರ ಮೇಲೇ ಮೊದಲು ಬರುತ್ತದೆ.

ಹೊರದೇಶದಿಂದ ಯಾರಾದರೂ ಸೇವೆಗೆಂದು ಹಣ ಕಳಿಸುತ್ತೇನೆ ಅಂದರೆ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. 2010ರ ವಿದೇಶಿ ವಂತಿಗೆ ಕಾಯ್ದೆಯಂತೆ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಧಾರ್ಮಿಕ ಕಾರ್ಯಕ್ಕೆ ಅಂಥ ಹಣ ತೆಗೆದುಕೊಳ್ಳುವುದು ಅಪರಾಧ.

ಸಂಬಳ ಸರಿಯಾಗಿ ಬರುವುದಿಲ್ಲ. ಕೇಳುವುದು ತಪ್ಪೇ?

ತಪ್ಪಲ್ಲ, ಆದರೆ ಪಾಸ್ಟರರೇ ಕೇಳಬೇಕಾದ ಪರಿಸ್ಥಿತಿ ತರುವ ಸಭೆ ತಪ್ಪು ಮಾಡುತ್ತಿದೆ. ಇಲ್ಲಿ ಮಾರ್ಗದರ್ಶಕರು ಹೊಸಬರ ಪರವಾಗಿ ಹಿರಿಯರ ಹತ್ತಿರ ಬಾಯಿ ಬಿಡಬೇಕು, ಹೊಸಬರ ಒಪ್ಪಿಗೆ ಕೇಳಿಕೊಂಡು.

ಹಳ್ಳಿ ಸಭೆಗಳ ಆದಾಯ ಹೊಲದ ಮೇಲೆ ನಿಂತಿದೆ. ಹೆಸರು, ಉದ್ದು ಬಂದಾಗ ಸ್ವಲ್ಪ, ಡಿಸೆಂಬರ್, ಜನವರಿಯ ತೊಗರಿ ರಾಶಿಯ ಹೊತ್ತಿಗೆ ಹೆಚ್ಚು, ಬೇಸಿಗೆಯಲ್ಲಿ ಜನ ಗುಳೆ ಹೋದಾಗ ಬೆಂಚುಗಳೂ ಖಾಲಿ, ಕಾಣಿಕೆಯೂ ಖಾಲಿ. ಆದ್ದರಿಂದ ರಾಶಿಯ ಕಾಲದಲ್ಲಿ ಬಂದದ್ದರಲ್ಲಿ ಬೇಸಿಗೆಯ ಸಂಬಳವನ್ನು ಎತ್ತಿಡುವ ಪದ್ಧತಿಯನ್ನು ಸಭಾ ಕಮಿಟಿ ಮಾಡಿಕೊಂಡರೆ ಅರ್ಧ ಕಷ್ಟ ಕಡಿಮೆ. ಸೀಮೆಂಟ್ ಶೀಟಿನ ಮನೆ ಕೊಟ್ಟಿದ್ದರೆ ಬಾಡಿಗೆ ಉಳಿಯಿತು ಎಂದು ಸಂಬಳ ತಗ್ಗಿಸುವುದು ಸರಿಯಲ್ಲ. ಪೌಲನು ಗುಡಾರ ಹೊಲಿದು ದುಡಿದ ಮಾತನ್ನು ಎತ್ತುವ ಹಿರಿಯರಿಗೆ 1 ಕೊರಿಂಥ 9 ಓದಿಸಿ. ಸೇವೆ ಮಾಡುವವರಿಗೆ ಅದರಿಂದಲೇ ಜೀವನ ನಡೆಯಬೇಕೆಂದು ಅದೇ ಪೌಲನು ಅಲ್ಲಿ ವಾದಿಸುತ್ತಾನೆ.

ಪಾಸ್ಟರಮ್ಮನವರ ಬಗ್ಗೆ ಯಾರೂ ಮಾತಾಡುವುದಿಲ್ಲವಲ್ಲ?

ನಿಜವಾದ ದೂರು. ಮದುವೆಯಾಗಿ ಆರು ತಿಂಗಳಿಗೆ ಗೊತ್ತಿಲ್ಲದ ಊರಿಗೆ ಬಂದ ಹುಡುಗಿಗೆ ಸಭೆ ತಕ್ಷಣ ಮಹಿಳಾ ಕೂಟ, ಸಂಡೇ ಸ್ಕೂಲು, ಬಂದವರಿಗೆಲ್ಲ ಚಹಾ ವಹಿಸಿಬಿಡುತ್ತದೆ. ಆಕೆ ಉಟ್ಟ ಸೀರೆಯೂ ಚರ್ಚೆಯ ವಿಷಯ. ಆಕೆಗೆ ಸಂಬಳವಿಲ್ಲ, ರಜೆಯಿಲ್ಲ, ಹೇಳಿಕೊಳ್ಳಲು ಯಾರೂ ಇಲ್ಲ. ಮಾರ್ಗದರ್ಶಕರ ಹೆಂಡತಿ ಅಥವಾ ಇನ್ನೊಬ್ಬ ಅನುಭವಿ ಅಕ್ಕ ಆಕೆಗೆ ಬೇರೆಯಾಗಿ ಜೊತೆಯಾಗಬೇಕು. ಆಕೆ ಶಿಕ್ಷಕಿಯೋ ನರ್ಸೋ ಆಗಿ ಕೆಲಸ ಮಾಡಬೇಕೆಂದರೆ ಸಭೆ ಅಡ್ಡ ಬರಬಾರದು. ವಾರಕ್ಕೊಂದು ದಿನ ಗಂಡ ಹೆಂಡತಿ ಇಬ್ಬರೂ ಸಭೆಯ ಕೆಲಸದಿಂದ ಬಿಡುವಾಗಿರಲಿ, ಆ ದಿನ ತುರ್ತು ಕರೆ ಬಂದರೆ ಮೊದಲು ಫೋನ್ ಎತ್ತುವ ಹಿರಿಯರು ಯಾರೆಂದು ಸಭೆಗೆ ಮೊದಲೇ ತಿಳಿಸಿರಲಿ.

ಮಹಿಳಾ ಪಾಸ್ಟರರಿಗೆ ಪುರುಷ ಮಾರ್ಗದರ್ಶಕರಿದ್ದರೆ ನಡೆಯುತ್ತದೆಯೇ?

ಬೋಧನೆ, ಆಡಳಿತದ ವಿಷಯಕ್ಕೆ ನಡೆಯುತ್ತದೆ. ಆದರೆ ಹಳ್ಳಿಯಲ್ಲಿ ಒಬ್ಬರೇ ಇರುವುದು, ರಾತ್ರಿಯ ಕರೆಗಳು, "ಹೆಣ್ಮಗಳ ಕೈಯಿಂದ ರೊಟ್ಟಿ ದ್ರಾಕ್ಷಾರಸ ತಗೊಳ್ಳಲ್ಲ" ಎಂದು ಪ್ರಭುಭೋಜನದಿಂದ ಎದ್ದು ಹೋಗುವ ಹಿರಿಯರು, ಇಂಥವನ್ನು ದಾಟಿ ಬಂದ ಇನ್ನೊಬ್ಬ ಮಹಿಳಾ ಸೇವಕಿಯ ಜೊತೆ ಬೇಕೇ ಬೇಕು. ಹತ್ತಿರದಲ್ಲಿ ಸಿಗದಿದ್ದರೆ ದೂರದವರ ಜೊತೆ ಫೋನಿನಲ್ಲಾದರೂ.

ಮದುವೆ ಮಾಡಿಸುವಾಗ ಕಾನೂನಿನ ಯಾವ ವಿಷಯ ತಿಳಿದಿರಬೇಕು?

1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಅಧಿಕಾರ ಇದ್ದವರೇ ಮದುವೆ ನಡೆಸಬೇಕು. ಅಧಿಕಾರವಿಲ್ಲದೆ ನಡೆಸಿದವರಿಗೆ 10 ವರ್ಷದವರೆಗೆ ಶಿಕ್ಷೆಯಿದೆ. ದೀಕ್ಷೆಯಾಗದ, ಲೈಸೆನ್ಸ್ ಇಲ್ಲದ ಹೊಸಬರು ಆಶೀರ್ವಾದ ಪ್ರಾರ್ಥನೆ ಮಾಡಬಹುದು, ಮದುವೆಯನ್ನು ಅಧಿಕಾರ ಇರುವ ಹಿರಿಯರಿಂದಲೇ ಮಾಡಿಸಿ. ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಆಗಬೇಕು, ಇಬ್ಬರು ಸಾಕ್ಷಿಗಳು ಬೇಕು, ರಿಜಿಸ್ಟರಿಗೆ ಸಹಿ ಆ ದಿನವೇ ಆಗಬೇಕು.

ವಯಸ್ಸಿನ ವಿಷಯದಲ್ಲಿ ನಮ್ಮ ಜಿಲ್ಲೆಗಳಲ್ಲಿ ಒತ್ತಡ ಜಾಸ್ತಿ. ಹುಡುಗಿಗೆ 18, ಹುಡುಗನಿಗೆ 21 ತುಂಬಿರುವ ದಾಖಲೆಯನ್ನು ಕಣ್ಣಾರೆ ನೋಡದೆ ದಿನ ಗೊತ್ತು ಮಾಡಬೇಡಿ. "ಆಧಾರ್‌ನ್ಯಾಗ ತಪ್ಪು ಬಿದ್ದದ ರಿ, ನಿಜವಾಗಿ ಹತ್ತೊಂಬತ್ತು ನಡದದ" ಅನ್ನುತ್ತಾರೆ, ಶಾಲೆಯ ದಾಖಲೆ ಕೇಳಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮದುವೆ ಮಾಡಿಸಿದವರಿಗೂ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಕಾನೂನು ಇಲ್ಲದಿದ್ದರೂ ಹದಿನೈದರ ಹುಡುಗಿಯ ಕುತ್ತಿಗೆಗೆ ತಾಳಿ ಬೀಳಲು ಸಭೆ ನೆರವಾಗಬಾರದು. ಹಿರಿಯರು ಸಿಟ್ಟಾದರೆ ಆಗಲಿ, ಆ ದಿನ ಮಾರ್ಗದರ್ಶಕರು ಹೊಸಬರ ಪಕ್ಕದಲ್ಲಿ ನಿಂತಿರಬೇಕು.

ದೀಕ್ಷಾಸ್ನಾನ ಕೇಳಿಕೊಂಡು ಬಂದವರಿಗೆ ಏನು ಹೇಳಬೇಕು?

ಅವಸರ ಮಾಡಬೇಡಿ. ಹಣ, ನೌಕರಿ, ಮದುವೆ, ವಾಸಿಯಾಗುವ ಭರವಸೆ, ಯಾವುದರ ಆಸೆಯನ್ನೂ ತೋರಿಸಬೇಡಿ. ಕರ್ನಾಟಕದಲ್ಲಿ 2022ರಲ್ಲಿ ಬಂದ ಧರ್ಮ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ ಕಾಯ್ದೆಯು ಮತಾಂತರವಾಗುವವರೂ ಮಾಡಿಸುವವರೂ 30 ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಹೇಳುತ್ತದೆ, ಆಮಿಷ, ಒತ್ತಾಯಕ್ಕೆ ಕಠಿಣ ಶಿಕ್ಷೆ ಇಟ್ಟಿದೆ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ನೀವು ಹೆಜ್ಜೆ ಇಡುವ ದಿನಕ್ಕೆ ಕಾನೂನು ಏನಿದೆಯೆಂದು ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಪರಿಶಿಷ್ಟ ಜಾತಿಯ ಕುಟುಂಬದವರಿಗೆ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ. ಕ್ರೈಸ್ತರಾದರೆ ಆ ಮೀಸಲಾತಿ ಇರುವುದಿಲ್ಲ. ಇದು ನಮ್ಮ ದೃಷ್ಟಿಯಲ್ಲಿ ಅನ್ಯಾಯ, ಜಾತಿಯ ಅವಮಾನ ದೀಕ್ಷಾಸ್ನಾನದ ನೀರಿನಿಂದ ನಿಲ್ಲುವುದಿಲ್ಲ. ಆದರೆ "ಏನೂ ಆಗಲ್ಲ ಬಿಡ್ರಿ" ಎಂದು ಹೇಳಿ ಕಳಿಸುವ ಪಾಸ್ಟರು ಆ ಮನೆಯ ಮಕ್ಕಳ ಓದು, ನೌಕರಿಯ ಜೊತೆ ಆಟವಾಡುತ್ತಾರೆ. ತಿಳಿದು ನಿರ್ಧಾರ ಮಾಡುವ ಹಕ್ಕು ಅವರದು.

ಪ್ರಾರ್ಥನೆಗೆ ಅಡ್ಡಿ ಮಾಡಲು ಜನ ಬಂದರೆ?

ವಾದಕ್ಕೆ ಇಳಿಯಬೇಡಿ, ಹೆಂಗಸರು ಮಕ್ಕಳನ್ನು ಮೊದಲು ಸುರಕ್ಷಿತವಾಗಿ ಕಳಿಸಿ, 112ಕ್ಕೆ ಫೋನ್ ಮಾಡಿ, ಆಮೇಲೆ ಮಾರ್ಗದರ್ಶಕರಿಗೆ ಮತ್ತು ವಕೀಲರಿಗೆ. ಆದರೆ ಇದಕ್ಕೆ ಸಿದ್ಧತೆ ಮೊದಲೇ ಆಗಬೇಕು. ಹೊಸ ಊರಿಗೆ ಹೋದ ಮೊದಲ ತಿಂಗಳಲ್ಲೇ ಪಂಚಾಯಿತಿ ಅಧ್ಯಕ್ಷರನ್ನು, ಠಾಣೆಯ ಪಿ.ಎಸ್.ಐ. ಅವರನ್ನು, ಊರಿನ ಮಠದ ಸ್ವಾಮಿಗಳನ್ನು, ದರ್ಗಾದ ಹಿರಿಯರನ್ನು ಕಂಡು ಪರಿಚಯ ಮಾಡಿಕೊಳ್ಳಿ. ಬಸವಕಲ್ಯಾಣದ ಶರಣರ ನೆಲ, ಬಂದೇನವಾಜ್ ದರ್ಗಾದ ನೆಲ ಇದು, ಬೇರೆಯವರ ನಂಬಿಕೆಗೆ ಕೈ ಮುಗಿದು ಮಾತಾಡುವುದು ಇಲ್ಲಿನ ಹಳೆಯ ನಡತೆ. ಧ್ವನಿವರ್ಧಕವನ್ನು ರಾತ್ರಿ 10ಕ್ಕೆ ಬಂದ್ ಮಾಡಿ, ಹಗಲಲ್ಲೂ ಪಕ್ಕದ ಮನೆಯ ಪರೀಕ್ಷೆಯ ಮಕ್ಕಳನ್ನು ನೆನೆಸಿಕೊಳ್ಳಿ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಬಹುದೇ ಎಂದು ವಿಶ್ವಾಸಿಗಳು ಕೇಳುತ್ತಾರೆ. ಏನು ಹೇಳಲಿ?

ಹೊಸಬರು ಎಡವುವ ಜಾಗ ಇದು. ಬಂದ ಮೊದಲ ವರ್ಷವೇ ಪೀಠದಿಂದ "ಹೋಗಬಾರದು" ಎಂದು ಸಾರಿದರೆ ಅರ್ಧ ಸಭೆ ಮುನಿಸಿಕೊಳ್ಳುತ್ತದೆ. ಪೂಜೆ ಬೇರೆ, ನೆರೆಯವರ ಜೊತೆ ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವುದು ಬೇರೆ ಎಂದು ಬಹಳ ಮನೆಗಳು ತಮ್ಮೊಳಗೇ ಒಂದು ಗೆರೆ ಹಾಕಿಕೊಂಡಿವೆ. ಆ ಗೆರೆ ಎಲ್ಲಿದೆ, ಯಾಕೆ ಅಲ್ಲಿದೆ ಎಂದು ಮೊದಲು ಹಿರಿಯ ವಿಶ್ವಾಸಿಗಳಿಂದ ಕೇಳಿ ತಿಳಿಯಿರಿ. ವಿಗ್ರಹಕ್ಕೆ ಅರ್ಪಿಸಿದ ಊಟದ ಬಗ್ಗೆ ಮಾತಾಡುವ 1 ಕೊರಿಂಥ 8 ಮತ್ತು 10ನ್ನು ಮಾರ್ಗದರ್ಶಕರ ಜೊತೆ ಕೂತು ಓದಿ. ನಮ್ಮ ಅಭಿಪ್ರಾಯದಲ್ಲಿ ನೆರೆಯವರು ಪ್ರೀತಿಯಿಂದ ಕರೆದ ಊಟವನ್ನು ತಿರಸ್ಕರಿಸಬಾರದು. ಬೇರೆ ಅಭಿಪ್ರಾಯದ ಸೇವಕರೂ ಇದ್ದಾರೆ, ಅವರನ್ನೂ ಗೌರವಿಸುತ್ತೇವೆ.

ಕಾಯಿಲೆಯವರಿಗೆ ಪ್ರಾರ್ಥನೆ ಮಾಡುವಾಗ?

ಪ್ರಾರ್ಥಿಸಿ, ತಲೆಯ ಮೇಲೆ ಕೈ ಇಟ್ಟು ಪೂರ್ಣ ನಂಬಿಕೆಯಿಂದ ಪ್ರಾರ್ಥಿಸಿ. ಆದರೆ ಗುಳಿಗೆ ಬಿಡು ಎಂದು ಯಾವತ್ತೂ ಹೇಳಬೇಡಿ. ಟಿಬಿ, ಸಕ್ಕರೆ ಕಾಯಿಲೆ, ಮೂರ್ಛೆ ರೋಗದ ಔಷಧಿ ನಡುವೆ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ. ಮಾನಸಿಕ ಕಾಯಿಲೆಯನ್ನು ದೆವ್ವವೆಂದು ಕರೆದು ಮನುಷ್ಯರನ್ನು ಕಟ್ಟಿಹಾಕುವುದು, ಹೊಡೆಯುವುದು ಪಾಪ. ಬೀದರ, ಕಲಬುರಗಿ, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಕರೆದುಕೊಂಡು ಹೋಗಿ, ಚೀಟಿ ಮಾಡಿಸುವ ಸಾಲಿನಲ್ಲಿ ಅವರ ಜೊತೆ ನಿಲ್ಲಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ.

ಹೇಳಿದ ಗುಟ್ಟು ಮಾರ್ಗದರ್ಶಕರಲ್ಲಿ ಉಳಿಯುತ್ತದೆಯೇ?

ಉಳಿಯಬೇಕು, ಹೆಂಡತಿಗೂ ಹೇಳಬಾರದು, "ಇವರಿಗಾಗಿ ಪ್ರಾರ್ಥಿಸಿ" ಎಂಬ ನೆಪದಲ್ಲೂ ಹೊರಗೆ ಬರಬಾರದು. ಒಂದೇ ವಿನಾಯಿತಿ: ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ. 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಮಾಡಿದವರು ಸಭೆಯ ಹಿರಿಯರಾಗಿರಲಿ, ಪಾಸ್ಟರೇ ಆಗಿರಲಿ. ಸಂಬಂಧ ಶುರುವಾಗುವ ದಿನವೇ ಈ ಮಾತನ್ನು ಬಾಯಿಬಿಟ್ಟು ಹೇಳಿಕೊಳ್ಳಿ.

ಬಿಟ್ಟು ಹೋಗಬೇಕು ಅನಿಸುತ್ತಿದೆ. ನನ್ನ ಕರೆಯೇ ಸುಳ್ಳೇ?

ಬಹುತೇಕ ಎಲ್ಲರಿಗೂ ಎರಡನೆಯ ವರ್ಷದ ಹೊತ್ತಿಗೆ ಹೀಗನಿಸುತ್ತದೆ. ಮೊದಲ ವರ್ಷದ ಉತ್ಸಾಹ ಇಳಿದಿರುತ್ತದೆ, ಸಭೆಯ ಬಿರುಕುಗಳು ಕಾಣತೊಡಗಿರುತ್ತವೆ, ಜೊತೆಗೆ ಓದಿದವರು ಬೆಂಗಳೂರಿನಲ್ಲಿ ಸಂಬಳ ಎಣಿಸುತ್ತಿರುತ್ತಾರೆ, ತಂದೆ ತಾಯಿ "ಇದಕ್ಕೇ ಓದಿಸಿದ್ವೇನು" ಅನ್ನುತ್ತಾರೆ. 1 ಅರಸುಗಳು 19ರಲ್ಲಿ ಎಲೀಯನು ಸಾಯಲು ಬಯಸಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಎಬ್ಬಿಸಿ ಉಣಿಸಿದನು, ಮತ್ತೆ ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ಉಣಿಸಿದನು. ಮಾರ್ಗದರ್ಶಕರೂ ಅಷ್ಟು ಮಾಡಲಿ. ಮನೆಗೆ ಕರೆದು ಎರಡು ದಿನ ಇರಿಸಿಕೊಳ್ಳಿ, ಪ್ರಶ್ನೆ ಕೇಳಬೇಡಿ, ಚೆನ್ನಾಗಿ ನಿದ್ದೆ ಮಾಡಲಿ. ಆಮೇಲೂ ಹೋಗಬೇಕೆಂದರೆ ಮಾತಾಡೋಣ. ಪೂರ್ಣಾವಧಿ ಸೇವೆ ಬಿಟ್ಟವರು ದೇವರನ್ನು ಬಿಟ್ಟವರಲ್ಲ, ಅವರನ್ನು ಹಾಗೆ ನೋಡಬೇಡಿ. ಬಾರ್ನಬನು ಜೊತೆ ಬಿಡದಿದ್ದರಿಂದ, ನಡುದಾರಿಯಲ್ಲಿ ವಾಪಸು ಹೋಗಿದ್ದ ಮಾರ್ಕನನ್ನು ಮುಂದೆ ಪೌಲನೇ ಕರೆಸಿಕೊಂಡನು.

ಪ್ರಾಣ ಕಳೆದುಕೊಳ್ಳುವ ಮಾತು ಬಂದರೆ ಅಂದೇ ವೈದ್ಯರ ಹತ್ತಿರ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ.

ಈ ಸಂಬಂಧವನ್ನು ಯಾವಾಗ ಮುಗಿಸಬೇಕು?

ಮೂರು ವರ್ಷವೆಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಮೂರನೆಯ ವರ್ಷದಲ್ಲಿ ಭೇಟಿಗಳು ಎರಡು ಮೂರು ತಿಂಗಳಿಗೊಮ್ಮೆ ಆದರೂ ಸಾಕು, ನಿರ್ಧಾರಗಳನ್ನು ಹೊಸಬರೇ ಮಾಡಿ ಆಮೇಲೆ ತಿಳಿಸುವಂತಾಗಲಿ. ಸ್ನೇಹ ಮುಂದುವರಿಯುತ್ತದೆ. ಪೌಲನು ಸೆರೆಮನೆಯಿಂದ ತಿಮೊಥೆಯನಿಗೆ ಬರೆದ ಕೊನೆಯ ಪತ್ರದಲ್ಲಿ ಉಪದೇಶದ ಜೊತೆಗೇ ತನ್ನ ಕೊರತೆಯನ್ನೂ ಬರೆದಿದ್ದಾನೆ: ತ್ರೋವದಲ್ಲಿ ಕಾರ್ಪನ ಬಳಿ ಬಿಟ್ಟ ಮೇಲಂಗಿ ತಾ, ಪುಸ್ತಕಗಳನ್ನು ತಾ, ಚಳಿಗಾಲಕ್ಕೆ ಮುಂಚೆ ಬಾ. ಹಿರಿಯರು ತಮಗೂ ಏನು ಬೇಕಿದೆಯೆಂದು ಕಿರಿಯರ ಮುಂದೆ ಹೇಳುವ ದಿನ ಬಂದರೆ ಸಂಕೋಚಪಡಬೇಡಿ.

ನಡುವೆಯೇ ವರ್ಗಾವಣೆಯಾದರೆ ಹೊಸ ಊರಿನ ಹತ್ತಿರ ಇನ್ನೊಬ್ಬರನ್ನು ಗೊತ್ತು ಮಾಡಿಕೊಟ್ಟೇ ಹಳಬರು ಕೈ ಬಿಡಬೇಕು. ಹೊರಡುವ ಮುನ್ನ ದೀಕ್ಷಾಸ್ನಾನ, ಮದುವೆ, ಸಮಾಧಿಯ ರಿಜಿಸ್ಟರುಗಳನ್ನು, ಜಾಗದ ಕಾಗದಗಳನ್ನು ಸಭಾ ಕಾರ್ಯದರ್ಶಿಗೆ ಸಹಿ ಪಡೆದು ಒಪ್ಪಿಸಿ. ಮನೆ ಮನೆಯ ವಿಷಯ ಬರೆದ ನೋಟ್‌ಬುಕ್ಕನ್ನು ಮಾತ್ರ ಯಾರಿಗೂ ಕೊಡಬೇಡಿ. ಮುಂದೆ ಬರುವವರು ತಿಳಿಯಲೇಬೇಕಾದ ಕಾಯಿಲೆಯವರ, ಒಂಟಿ ಹಿರಿಯರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬೇರೆ ಬರೆದು ಅವರ ಕೈಗೇ ಕೊಡಿ.